ಅಣಬೆ ಹುಟ್ಟುವುದು ಸಿಡಿಲಿನಿಂದಲ್ಲ

ಮಳೆಗಾಲ ಶುರುವಾಗುತ್ತಿದ್ದಂತೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತದೆ: 'ಅಣಬೆಗೆ ಬೀಜವೇ ಇಲ್ಲ, ಸಿಡಿಲು ಬಡಿದ ಜಾಗದಲ್ಲಿ ತಾನಾಗಿಯೇ ಹುಟ್ಟುತ್ತದೆ.' ಇದು ಸರಿಯಲ್ಲ.

ಅಣಬೆ ರಾತ್ರೋರಾತ್ರಿ ಎದ್ದಂತೆ ಕಾಣುತ್ತದೆ, ನಿಜ. ಆದರೆ ಅದು ಮರದ ಹಣ್ಣಿದ್ದ ಹಾಗೆ. ಮರ ಇರುವುದು ಮಣ್ಣು ಅಥವಾ ಕಟ್ಟಿಗೆಯೊಳಗೆ, ಬಿಳಿ ನೂಲಿನಂಥ ಎಳೆಗಳಾಗಿ. ಆ ಎಳೆಗಳೇ ಶಿಲೀಂಧ್ರ. ಗುಡುಗಿನ ಜೊತೆ ಬರುವ ಮಳೆ ಅದಕ್ಕೆ ತೇವ ಕೊಡುತ್ತದೆ, ಅಷ್ಟೇ.

ಬೀಜದ ಕೆಲಸ ಮಾಡುವುದು ಬೀಜಕಗಳು. ನೋಡಬೇಕಾ? ಅರಳಿದ ಅಣಬೆಯ ಕೊಡೆಯನ್ನು ಪದರಗಳಿರುವ ಅಡಿಭಾಗ ಕೆಳಗೆ ಬರುವಂತೆ ಕಪ್ಪು ಕಾಗದದ ಮೇಲೆ ಇಟ್ಟು, ಬಟ್ಟಲು ಮುಚ್ಚಿಡಿ. ಬೆಳಗ್ಗೆ ಎತ್ತಿದರೆ, ಕೊಡೆಯಡಿಯ ಪದರಗಳ ಗುರುತು ಗೆರೆಗೆರೆಯಾಗಿ ಪುಡಿಯಲ್ಲಿ ಬಿದ್ದಿರುತ್ತದೆ. ಆ ಪುಡಿಯೇ ಬೀಜಕ. ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣದು, ಗಾಳಿಯಲ್ಲಿ ತೇಲಿ ಹೋಗುತ್ತದೆ.

ನಮ್ಮ ಹುತ್ತದ ಅಣಬೆಯ ಕಥೆ ಇನ್ನೂ ಚಂದ. ಗೆದ್ದಲುಗಳು ತಿಂದ ಒಣಎಲೆ, ಕಟ್ಟಿಗೆಯ ಚೂರಿನಿಂದ ಹುತ್ತದೊಳಗೆ ತೋಟ ಕಟ್ಟಿ ಈ ಶಿಲೀಂಧ್ರವನ್ನು ಸಾಕುತ್ತವೆ. ಹೆಚ್ಚಿನ ಜಾತಿಗಳಲ್ಲಿ ಹೊಸ ಗೂಡಿಗೆ ಬೀಜಕ ತರುವುದೂ ಮೇವು ಹುಡುಕುವ ಗೆದ್ದಲುಗಳೇ. ಅಣಬೆಯನ್ನು ನಿಧಾನವಾಗಿ ಅಗೆದು ನೋಡಿ, ಉದ್ದನೆಯ ಬೇರಿನಂಥ ಕಾಂಡ ಆ ತೋಟದವರೆಗೂ ಇಳಿದಿರುತ್ತದೆ. ತಾನಾಗಿಯೇ ಹುಟ್ಟಿದ್ದಕ್ಕೆ ಇಷ್ಟು ಆಳದ ನಂಟು ಇರಲ್ಲ ಅಲ್ವಾ?

ಜಪಾನಿನಲ್ಲಿ ಮರದ ದಿಮ್ಮಿಗಳಿಗೆ ವಿದ್ಯುತ್ ಹಾಯಿಸಿ ಶಿಟಾಕೆ ಅಣಬೆಯ ಇಳುವರಿ ಜಾಸ್ತಿ ಮಾಡಿದ್ದನ್ನು ಕೆಲವರು ಪುರಾವೆಯಾಗಿ ಹೇಳುತ್ತಾರೆ. ಆ ಪ್ರಯೋಗ ನಿಜ. ಆದರೆ ಆ ದಿಮ್ಮಿಗಳಲ್ಲಿ ಶಿಲೀಂಧ್ರವನ್ನು ಮೊದಲೇ ಬೆಳೆಸಿದ್ದರು. ಬರೀ ಮರಕ್ಕೆ ವಿದ್ಯುತ್ ಹಾಯಿಸಿದರೆ ಅಣಬೆ ಬರುವುದಿಲ್ಲ.