ಗೆದ್ದಲಾದರೂ ನಿಧಾನವಾಗಿ ತಿನ್ನುತ್ತದೆ

ಹಳೆಯ ಕಂಪ್ಯೂಟರ್ ಪತ್ರಿಕೆಯೊಂದರ ಮುಖಪುಟದ ಚಿತ್ರ ಹಾಕಿ, ‘ಆಹಾ, ಆ ಕಾಗದದ ವಾಸನೆ!’ ಎಂದು ನಿಟ್ಟುಸಿರು ಬಿಡುವವರು ಈಚೆಗೆ ಬಹಳವಾಗಿದ್ದಾರೆ. ಇವರಲ್ಲಿ ಕಾಲು ಭಾಗದಷ್ಟು ಜನ ಅಂದು ಚಂದಾ ಕಟ್ಟಿದ್ದರೂ ಆ ಪತ್ರಿಕೆಗಳಲ್ಲಿ ಒಂದೂ ಮುಚ್ಚುತ್ತಿರಲಿಲ್ಲವೆಂದು ನನ್ನ ಅನುಮಾನ. ಬದುಕಿದ್ದಾಗ ಒಂದು ಲೋಟ ಗಂಜಿ ಕೊಡದ ಮಕ್ಕಳು ತಿಥಿಯ ದಿನ ಎಲೆ ತುಂಬ ವಡೆ ಬಡಿಸಿ ಕಣ್ಣೊರೆಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ನಾನೂ ಆ ಮಕ್ಕಳಲ್ಲೊಬ್ಬನಾದ್ದರಿಂದ ಗಟ್ಟಿಯಾಗಿ ಬೈಯುವ ಹಕ್ಕು ನನಗಿಲ್ಲ. ಆದರೆ ವಿಡಿಯೊ ಗೇಮ್‌ಗಳ ಬಗ್ಗೆ ಬರೆಯುವ ಗೇಮ್ ಇನ್ಫಾರ್ಮರ್ ಪತ್ರಿಕೆಗೆ ಆದದ್ದನ್ನು ನೆನೆದಾಗಲೆಲ್ಲ ನನ್ನ ಪಾಪ ತೀರ ಚಿಕ್ಕದೆನಿಸಿ ಸಮಾಧಾನವಾಗುತ್ತದೆ. ನಾನು ಗುಜರಿಗೆ ಹಾಕಿದ್ದು ನಲವತ್ತು ಸಂಚಿಕೆಗಳನ್ನು ಮಾತ್ರ.

ಕಥೆ ಇಷ್ಟು. ಅಮೆರಿಕದ ಮಿನೆಸೋಟದ ಫಂಕೋಲ್ಯಾಂಡ್ ಎಂಬ, ಬಳಸಿದ ವಿಡಿಯೊ ಗೇಮ್‌ಗಳನ್ನು ಕೊಂಡು ಮಾರುವ ಅಂಗಡಿಯ ಮನೆಪತ್ರಿಕೆಯಾಗಿ 1991ರಲ್ಲಿ ಹುಟ್ಟಿದ ಅದು, ಅಂಗಡಿ ಕೈಬದಲಾದಾಗ ತಾನೂ ಕೈಬದಲಾಗಿ, ಅದೇ ವ್ಯಾಪಾರದ ಗೇಮ್‌ಸ್ಟಾಪ್ ಕಂಪನಿಯ ಸೊತ್ತಾಯಿತು. 2024ರ ಆಗಸ್ಟ್ 2ರ ಶುಕ್ರವಾರ ಸಂಪಾದಕ ಬಳಗವನ್ನು ಸಭೆಗೆ ಕರೆದು, ಪತ್ರಿಕೆ ನಿಂತಿದೆ, ನಿಮ್ಮೆಲ್ಲರ ಕೆಲಸವೂ ಈ ಕ್ಷಣದಿಂದ ಹೋಗಿದೆ ಎಂದು ತಿಳಿಸಲಾಯಿತು. ಮುಂದಿನ ಸಂಚಿಕೆಯ ಬಹುಪಾಲು ಕೆಲಸ ಅಷ್ಟರಲ್ಲಿ ಮುಗಿದಿತ್ತು. ಅದೇ ದಿನ ಪತ್ರಿಕೆಯ ಜಾಲತಾಣದ ಯಾವ ಪುಟಕ್ಕೆ ಹೋದರೂ ಒಂದೇ ಒಂದು ವಿದಾಯದ ಟಿಪ್ಪಣಿ ಎದುರಾಗತೊಡಗಿತು. ಆ ಟಿಪ್ಪಣಿಯನ್ನೂ ಅಲ್ಲಿ ದುಡಿದವರು ಬರೆದದ್ದಲ್ಲ.

ಈ ದಕ್ಷತೆಯನ್ನು ಮೆಚ್ಚಲೇಬೇಕು. ನಮ್ಮ ಬೀದಿಗೆ ಬರುವ ಗುಜರಿಯವನು ಹಳೆಯ ಪುಸ್ತಕಗಳನ್ನು ತಕ್ಕಡಿಗೆ ಏರಿಸುವ ಮುನ್ನ, ‘ಸಾರ್, ಒಂದ್ಸಲ ಕೊಡವಿ ನೋಡಿಬಿಡಿ, ಮಕ್ಕಳ ಮಾರ್ಕ್ಸ್ ಕಾರ್ಡು ಗೀರ್ಡು ಸೇರಿಕೊಂಡಿರುತ್ತೆ’ ಎಂದು ತಪ್ಪದೆ ಹೇಳುತ್ತಾನೆ. ಹಾಗೆ ಹೇಳುವುದರಿಂದ ಅವನ ಹತ್ತು ನಿಮಿಷ ಹಾಳಾಗುತ್ತದೆಯೇ ಹೊರತು ಒಂದು ಪೈಸೆಯೂ ಹುಟ್ಟುವುದಿಲ್ಲ. ದೊಡ್ಡ ಕಂಪನಿಗಳು ಇಂಥ ದೌರ್ಬಲ್ಯಗಳನ್ನು ಎಂದೋ ಗೆದ್ದಿವೆ. ಇನ್ನು ಗೆದ್ದಲಿನ ವಿಷಯಕ್ಕೆ ಬಂದರೆ, ನಮ್ಮ ಅಟ್ಟದ ಮೇಲಿದ್ದ ಒಂದು ಕಟ್ಟು ಪತ್ರಿಕೆಗಳನ್ನು ಅರ್ಧ ತಿನ್ನುವುದಕ್ಕೇ ಅದು ಏಳು ಮಳೆಗಾಲ ತೆಗೆದುಕೊಂಡಿತು. ಮೂವತ್ತಮೂರು ವರ್ಷ ಬಾಳಿದ ಪತ್ರಿಕೆಯ ಜಾಲತಾಣವನ್ನು ಊಟದ ಹೊತ್ತು ಮೀರುವುದರೊಳಗೆ ಖಾಲಿ ಮಾಡುವುದು ಯಾವ ಗೆದ್ದಲಿಗೂ ಸಾಧ್ಯವಿಲ್ಲ.

ಇಲ್ಲಿ ರಸಿಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಗೇಮ್‌ಸ್ಟಾಪ್ ಬೆಳೆದದ್ದೇ ಹಳೆಯದನ್ನು ಕೊಂಡು ಮಾರಿ. ಹುಡುಗನೊಬ್ಬ ಆಡಿ ಬೇಸತ್ತ ಗೇಮಿನ ಡಿಸ್ಕನ್ನು ಬೆಳಕಿಗೆ ಹಿಡಿದು, ಗೀರೆಷ್ಟು, ಡಬ್ಬಿ ಇದೆಯೋ ಇಲ್ಲವೋ ಎಂದು ನೋಡಿ ಬೆಲೆ ಕಟ್ಟುವುದೇ ಅದರ ಕಸುಬು. ಹಾಗಿದ್ದೂ ಆ ಗೇಮು ಹೊಸದಾಗಿ ಬಂದಾಗ ಜನ ಅದರ ಬಗ್ಗೆ ಏನು ಬರೆದಿದ್ದರು ಎಂಬುದಕ್ಕೆ ಮೂರು ಕಾಸಿನ ಬೆಲೆಯೂ ಸಿಗಲಿಲ್ಲ. ಜೋಪಾನ ಮಾಡುವುದು ಗೊತ್ತಿಲ್ಲವೆಂದು ಹೇಳುವಂತೆಯೂ ಇಲ್ಲ; ಮರುವರ್ಷದ ಮೇ ತಿಂಗಳಲ್ಲಿ ಅದೇ ಕಂಪನಿ 4,710 ಬಿಟ್‌ಕಾಯಿನ್ ಕೊಂಡಿತು. ಕಣ್ಣಿಗೆ ಕಾಣದ, ಕೈಗೆ ಸಿಗದ ನಾಣ್ಯವನ್ನು ಇಟ್ಟುಕೊಳ್ಳಲು ಜಾಗವಿತ್ತು, ಲೇಖನಗಳನ್ನು ಇಟ್ಟುಕೊಳ್ಳಲು ಇರಲಿಲ್ಲ.

ಇದು ಹೊಸ ಸಂಪ್ರದಾಯವೇನೂ ಅಲ್ಲ. 1975ರಲ್ಲಿ ಅಮೆರಿಕದಲ್ಲಿ ಆರಂಭವಾದ ಬೈಟ್ ಪತ್ರಿಕೆಯನ್ನು ಓದಿಯೇ ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆಯೆಂದು ಒಂದು ಪೀಳಿಗೆ ತಿಳಿದುಕೊಂಡಿತು. 1998ರ ಮೇ ತಿಂಗಳಲ್ಲಿ ಅದನ್ನು ಕೊಂಡುಕೊಂಡ ಕಂಪನಿ, ಜುಲೈ ಸಂಚಿಕೆಗೇ ಪತ್ರಿಕೆಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಮನೆಗೆ ಕಳಿಸಿ, ಅದರ ಪರೀಕ್ಷಾ ಪ್ರಯೋಗಾಲಯಕ್ಕೂ ಬೀಗ ಹಾಕಿತು. ಹಸುವನ್ನು ಸಂತೆಯಲ್ಲಿ ಕೊಂಡು ಮನೆಯ ಕೊಟ್ಟಿಗೆಗೆ ಬರುವಷ್ಟರಲ್ಲಿ ಕೊಂದವರನ್ನು ನಮ್ಮ ಕಡೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ಅದಕ್ಕೆ ವ್ಯವಹಾರ ಎನ್ನುತ್ತಾರೆ.

ಅಂದಿನದೆಲ್ಲ ಚಿನ್ನ ಎಂದು ನಾನೂ ಹೇಳಲಾರೆ. ಎಂಬತ್ತರ ದಶಕದ ಕಂಪ್ಯೂಟ್‌ನಂಥ ಪತ್ರಿಕೆಗಳು ಪ್ರೋಗ್ರಾಮನ್ನು ಪುಟಗಟ್ಟಲೆ ಅಂಕಿಗಳಾಗಿ ಅಚ್ಚು ಹಾಕಿ ಕೊಡುತ್ತಿದ್ದವು. ಓದುಗನಾದವನು ಪತ್ರಿಕೆಯನ್ನು ಕೀಲಿಮಣೆಯ ಪಕ್ಕ ಬಿಡಿಸಿಟ್ಟುಕೊಂಡು, ಸಾಲಿನ ಕೆಳಗೆ ಅಡಿಪಟ್ಟಿ ಹಿಡಿದು, ಅವನ್ನು ಒಂದೊಂದಾಗಿ ಕುಟ್ಟಬೇಕಾಗಿತ್ತು. ನಾಲ್ಕು ಸಂಜೆ ಕುಟ್ಟಿದ ಮೇಲೆ ಆಟ ಓಡದಿದ್ದರೆ ಎಲ್ಲೋ ಒಂದು 7 ಹೋಗಿ 1 ಆಗಿದೆ ಎಂದರ್ಥ. ಓದುಗರ ಗೋಳು ನೋಡಲಾರದೆ, ಪ್ರತಿ ಸಾಲಿನ ಕೊನೆಯಲ್ಲಿ ತಾಳೆ ನೋಡುವ ಸಂಖ್ಯೆಯೊಂದನ್ನು ಕೊಟ್ಟು, ಸಾಲು ತಪ್ಪಿದರೆ ಅಲ್ಲೇ ತಡೆದು ನಿಲ್ಲಿಸುವ ಎಂ.ಎಲ್.ಎಕ್ಸ್. ಎಂಬ ಉಪಾಯವನ್ನು ಪತ್ರಿಕೆಯವರೇ ಕಂಡುಹಿಡಿದರು. 1984ರ ಜನವರಿಯಲ್ಲಿ ಅದರ ಸೋದರ ಪತ್ರಿಕೆ ಕಂಪ್ಯೂಟ್ಸ್ ಗೆಜೆಟ್ ಇದೇ ರೀತಿ ಸ್ಪೀಡ್‌ಸ್ಕ್ರಿಪ್ಟ್ ಎಂಬ ವರ್ಡ್ ಪ್ರೊಸೆಸರನ್ನೇ ಅಚ್ಚು ಹಾಕಿಬಿಟ್ಟಿತು. ಜನ ಅದನ್ನೂ ಕುಟ್ಟಿ, ತಮ್ಮ ಕಮೊಡೋರ್ ಕಂಪ್ಯೂಟರಿನಲ್ಲಿ ಪತ್ರ ಬರೆದರು. ಪತ್ರ ಬರೆಯುವ ಮುನ್ನ ಪೆನ್ನನ್ನು ತಾನೇ ಎರಕ ಹೊಯ್ಯಬೇಕಾದ ಆ ಓದುಗನನ್ನು ಹೊಗಳುವ ನಾವು, ಮೂರನೇ ಪ್ಯಾರಾ ಬರುವ ಹೊತ್ತಿಗೆ ಸಾರಾಂಶ ಎಲ್ಲಿದೆಯೆಂದು ಹುಡುಕುತ್ತೇವೆ.

ಸುಳ್ಳಿಗೂ ಆಗ ಕೊರತೆಯಿರಲಿಲ್ಲ. 1992ರ ಏಪ್ರಿಲ್‌ನಲ್ಲಿ ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ ಪತ್ರಿಕೆಯು, ಸ್ಟ್ರೀಟ್ ಫೈಟರ್ 2 ಎಂಬ, ಯಂತ್ರಕ್ಕೆ ನಾಣ್ಯ ಹಾಕಿ ಆಡುವ ಹೊಡೆದಾಟದ ಆಟದಲ್ಲಿ ರ‍್ಯು ಪಾತ್ರ ಹಿಡಿದು, ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಏಟೂ ತಿನ್ನದೆ ಹೋಗಿ, ಕೊನೆಯ ಖಳನೆದುರು ಹೊಡೆಯದೆ, ಹೊಡೆಸಿಕೊಳ್ಳದೆ ಸುತ್ತುಗಳನ್ನು ಕಳೆದರೆ ಶೆಂಗ್ ಲಾಂಗ್ ಎಂಬ ಗುಪ್ತ ಗುರು ಪ್ರತ್ಯಕ್ಷನಾಗುತ್ತಾನೆ ಎಂದು ಚಿತ್ರಸಹಿತ ಬರೆಯಿತು. ಅದು ಏಪ್ರಿಲ್ ಒಂದರ ತಮಾಷೆ. ಬೇರೆ ಪತ್ರಿಕೆಗಳೂ ಅದನ್ನು ವರದಿ ಎಂದೇ ನಂಬಿ ಹಂಚಿದವು. ಎಷ್ಟು ಹುಡುಗರ ಎಷ್ಟು ನಾಣ್ಯಗಳು ಆ ಯಂತ್ರಗಳ ಹೊಟ್ಟೆ ಸೇರಿದವೋ ಲೆಕ್ಕವಿಲ್ಲ. ಆದರೂ ಆ ಸುಳ್ಳಿಗೆ ಒಂದು ತಿಂಗಳ ಹೆಸರಿತ್ತು, ಒಂದು ಪುಟಸಂಖ್ಯೆಯಿತ್ತು, ಬೈಯಬೇಕೆನಿಸಿದರೆ ಸಂಪಾದಕರ ವಿಳಾಸವೂ ಇತ್ತು.

ನಮ್ಮ ಕಡೆಗೆ ಈ ಸಂಸ್ಕೃತಿ ಬಂದದ್ದು ಸಿ.ಡಿ.ಯ ರೂಪದಲ್ಲಿ. ಪಿ.ಸಿ. ಕ್ವೆಸ್ಟ್, ಚಿಪ್, ಆಮೇಲೆ 2001ರಲ್ಲಿ ಡಿಜಿಟ್, ಇವನ್ನೆಲ್ಲ ಜನ ಕೊಂಡದ್ದು ಒಳಗಿನ ಬರಹಕ್ಕಿಂತ ಮೇಲೆ ಅಂಟಿಸಿದ ತಟ್ಟೆಗಾಗಿ. ಅದು ತಪ್ಪೂ ಅಲ್ಲ. ಫೋನ್ ತಂತಿಯ ಮೂಲಕವೇ ಅಂತರ್ಜಾಲ ತರುತ್ತಿದ್ದ 56 ಕೆ. ಮೋಡೆಮಿನಲ್ಲಿ ಒಂದು ಸಿ.ಡಿ.ಯಷ್ಟು ಸರಕು ಇಳಿಸಿಕೊಳ್ಳಲು, ನಡುವೆ ಯಾರೂ ಫೋನ್ ಎತ್ತದಿದ್ದರೆ, ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಬೇಕಾಗಿತ್ತು, ಮತ್ತು ನಮ್ಮ ಮನೆಯಲ್ಲಿ ಅತ್ತೆಯವರ ಫೋನ್ ಬಾರದ ಹಗಲೇ ಇರಲಿಲ್ಲ. ಹಾಗಾಗಿ ಗೇಮಿನ ಡೆಮೊ, ಹಾಡು ನುಡಿಸುವ ವಿನ್‌ಆ್ಯಂಪ್, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಲಿನಕ್ಸ್, ಜೊತೆಗೆ ಅಚ್ಚಾಗಿ ಬರುವ ಹೊತ್ತಿಗೆ ಹಳಸಿಹೋದ ಆ್ಯಂಟಿವೈರಸ್ ಅಪ್‌ಡೇಟ್, ಎಲ್ಲವೂ ಆ ತಟ್ಟೆಯಲ್ಲೇ ಬರಬೇಕಿತ್ತು. ನಮ್ಮೂರ ಬಸ್ ನಿಲ್ದಾಣದ ಪುಸ್ತಕದಂಗಡಿಯವನಿಗೆ ಈ ಮರ್ಮ ನನಗಿಂತ ಮೊದಲೇ ಗೊತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ಹರಿದಿದೆ, ಸಿ.ಡಿ. ಎಲ್ಲಿ ಎಂದು ಕೇಳಿದರೆ, ‘ಪುಸ್ತಕಕ್ಕೆ ನೂರು, ಸಿ.ಡಿ. ಬೇಕಂದ್ರೆ ಇನ್ನಿಪ್ಪತ್ತು ಕೊಡಿ ಸಾರ್’ ಎಂದು ಮುಖ ನೋಡದೆ ಹೇಳಿದ. ಉಚಿತ ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದನ್ನು ತೋರಿಸಿದೆ. ‘ಅದು ಅವರು ಕೊಡೋದು, ಇದು ನಾನು ಕೊಡೋದು’ ಎಂದ. ಅಷ್ಟು ಖಚಿತವಾದ ಆರ್ಥಿಕ ವಿಶ್ಲೇಷಣೆ ಆ ಸಂಚಿಕೆಯ ಒಳಗೂ ಇರಲಿಲ್ಲ.

ಇರಲಿ. ಗೇಮ್ ಇನ್ಫಾರ್ಮರ್ ಸತ್ತೇ ಉಳಿಯಲಿಲ್ಲ. 2025ರ ಮಾರ್ಚ್‌ನಲ್ಲಿ ಗನ್‌ಜಿಲ್ಲಾ ಎಂಬ ಗೇಮ್ ಕಂಪನಿ ಅದನ್ನು ಕೊಂಡಿತು. ಹಳೆಯ ಬಳಗ ಮರಳಿತು, ಹಳೆಯ ಲೇಖನಗಳೂ ಮರಳಿದವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಮರಳಿದವೆಂದರೆ ಅವು ಎಲ್ಲೋ ಇದ್ದವು ಎಂದಾಯಿತು. ಏಳು ತಿಂಗಳು ಅವನ್ನು ಮುಚ್ಚಿಡಬೇಕಾದ ಅಗತ್ಯ ಏನಿತ್ತು? ಹತ್ತಾರು ವರ್ಷ ಬರೆದವರಿಗೆ, ನಿಮ್ಮ ಬರಹದ ಪ್ರತಿಯೊಂದನ್ನು ಇಳಿಸಿಕೊಳ್ಳಿ, ಸಂಜೆಯವರೆಗೆ ಸಮಯವಿದೆ ಎಂದು ಹೇಳಲು ಯಾವ ಖರ್ಚಿತ್ತು? ಕೆಲಸ ಹುಡುಕುವವನು ತಾನು ಬರೆದದ್ದನ್ನು ತೋರಿಸಬೇಕಾಗುತ್ತದೆ. ಅದನ್ನೂ ಕಿತ್ತುಕೊಂಡರು. ಇದರಲ್ಲಿ ನಗುವಂಥದ್ದು ನನಗೇನೂ ಕಾಣುವುದಿಲ್ಲ, ಇಷ್ಟು ಹೊತ್ತು ನಗಿಸಲು ನೋಡಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಗುತ್ತಿದೆ.

ಈ ಸಲ ಅದೃಷ್ಟ ಚೆನ್ನಾಗಿತ್ತು. ಪ್ರತಿಸಲವೂ ಚೆನ್ನಾಗಿರದು ಎಂದು ಬಲ್ಲವರು ಕ್ಯಾಲಿಫೋರ್ನಿಯದಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿಕೊಂಡು, ಮುಚ್ಚಿಹೋದ ಪತ್ರಿಕೆಗಳ 1,500ಕ್ಕೂ ಹೆಚ್ಚು ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, 2025ರ ಜನವರಿಯಿಂದ ಯಾರು ಬೇಕಾದರೂ ಮನೆಯಲ್ಲೇ ಕೂತು ಓದುವಂತೆ ಮಾಡಿದ್ದಾರೆ. ಓದಿ ಮುಗಿಸಿ, ಈ ಆಟ ಹೇಗಿತ್ತೋ ನೋಡೋಣ ಎಂದು ಹೊರಟರೆ ಮಾತ್ರ ಕಾನೂನು ಅಡ್ಡ ನಿಲ್ಲುತ್ತದೆ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ ನೂರಕ್ಕೆ 87 ಇಂದು ಮಾರುಕಟ್ಟೆಯಲ್ಲಿಲ್ಲವೆಂದು ಇದೇ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತ್ತು. ಗ್ರಂಥಾಲಯಗಳು ಅಂಥವನ್ನು ದೂರದ ಸಂಶೋಧಕರಿಗೆ ತೋರಿಸಲು ಅನುಮತಿ ಕೇಳಿದಾಗ, 2024ರ ಅಕ್ಟೋಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ಒಪ್ಪಲಿಲ್ಲ. ಜನ ಅವನ್ನು ಮನರಂಜನೆಗೆ ಬಳಸಿಬಿಟ್ಟಾರು ಎಂಬುದು ಅಲ್ಲಿ ಎದ್ದ ಮುಖ್ಯ ಆತಂಕಗಳಲ್ಲೊಂದು. ಗೇಮನ್ನು ಮನರಂಜನೆಗೆ ಬಳಸುವ ಅಪಾಯವನ್ನು ಇಷ್ಟು ಬೇಗ ಗುರುತಿಸಿದವರಿಗೆ ನಮ್ಮ ಶಾಲಾ ಆಡಳಿತ ಮಂಡಳಿಗಳು ಸನ್ಮಾನ ಮಾಡಬಹುದು.

ಕಳೆದ ಭಾನುವಾರ ಅಟ್ಟ ಹತ್ತಿ, ಗುಜರಿಗೂ, ಬಹುಪಾಲು ಗೆದ್ದಲಿಗೂ ತಪ್ಪಿಸಿಕೊಂಡ ಒಂದು ಸಂಚಿಕೆಯನ್ನು ಕೆಳಗಿಳಿಸಿದೆ. 1999ರ ಕೊನೆಯದು. ಇಸವಿ 2000ಕ್ಕೆ ತಿರುಗುವ ಜನವರಿ ಒಂದರಂದು ಜಗತ್ತಿನ ಕಂಪ್ಯೂಟರುಗಳೆಲ್ಲ ಏನಾಗುತ್ತವೋ ಎಂಬ ಲೇಖನದ ತಲೆಭಾಗ ಹೋಗಿದೆ. 64 ಎಂ.ಬಿ. ರ‍್ಯಾಮಿನ ಜಾಹೀರಾತು ಮಾತ್ರ ಹೊಸದರಂತಿದೆ. ಆ ನುಣುಪು ಕಾಗದ ಗೆದ್ದಲಿಗೂ ರುಚಿಸಲಿಲ್ಲವೆಂದು ಕಾಣುತ್ತದೆ. ಮುಖಪುಟದ ಮೇಲೆ ಗೋಂದಿನ ದುಂಡನೆಯ ಗುರುತು ಹಾಗೇ ಇದೆ. ಸಿ.ಡಿ. ಆ ಬಸ್ ನಿಲ್ದಾಣದ ಅಂಗಡಿಯಲ್ಲೇ ಇನ್ನೂ ಇರಬಹುದು, ಇಪ್ಪತ್ತು ರೂಪಾಯಿಗೆ.