ಹಳೇ ಟ್ಯಾಪೆಟ್ ನಡೀತದ ಅನ್ನೋರಿಗೆ

"ಟ್ಯಾಪೆಟ್ ಚೊಲೋನ ಅದಾವಲ್ಲರೀ, ಮತ್ಯಾಕ ಹದಿನಾರೂ ಒಗೀತೀರಿ? ರೊಕ್ಕ ಭಾಳ ಆಗ್ಯಾವೇನು?"

ಮಿಷಿಗನ್‌ನ ಗ್ಯಾರೇಜೊಂದರಲ್ಲಿ ಬಿಚ್ಚಿಟ್ಟ ಶೆವ್ರೊಲೆ 350 ಎಂಜಿನ್ನಿನ ಫೋಟೋ ನೋಡಿ ಬೆಳಗಾವಿ ಉದ್ಯಮಬಾಗ್‌ನ ಮಿಸ್ತ್ರಿಯೊಬ್ಬರು ವಾಟ್ಸಾಪಿನಲ್ಲಿ ಕೇಳಿದ್ದು ಇಷ್ಟೇ. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಹೊಸದು ತರಿಸೋಣ, ಅದರ ಮೇಲೆ ಕೂತು ಏರಿಳಿಯುವ ಟ್ಯಾಪೆಟ್ ಹಳೆಯವೇ ಹಾಕೋಣ, ಅರ್ಧ ಖರ್ಚು ಉಳೀತು ಅನ್ನುವ ಲೆಕ್ಕ. ನಮ್ಮ ಕಡೆ ಈ ಲೆಕ್ಕ ಹಾಕದ ಗ್ಯಾರೇಜ್ ಸಿಗುವುದು ಕಷ್ಟ. ಇಲ್ಲಿ ಮಿಷಿಗನ್‌ನಲ್ಲಿ ಹವ್ಯಾಸಕ್ಕೆ ಎಂಜಿನ್ ಕಟ್ಟುವ ಹುಡುಗನೂ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಕೊಳ್ಳುವಾಗ ಜೊತೆಗೆ ಹದಿನಾರು ಹೊಸ ಲಿಫ್ಟರ್ (ಟ್ಯಾಪೆಟ್ಟಿಗೆ ಇಲ್ಲಿಯ ಹೆಸರು) ಕೊಳ್ಳುತ್ತಾನೆ. ಇದನ್ನು ದುಂದು ಅಂತ ನಗುವವರಿಗೆ ಉತ್ತರ ಕೊಡಲೇಬೇಕು.

ಹೆಸರಿಗೆ ಫ್ಲ್ಯಾಟ್, ಆದರೆ ಆ ಲಿಫ್ಟರಿನ ಮುಖ ಚಪ್ಪಟೆ ಇರುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬು. ಕ್ಯಾಮಿನ ಲೋಬ್, ಅಂದರೆ ಲಿಫ್ಟರನ್ನು ಎತ್ತುವ ಮೊಟ್ಟೆಯಾಕಾರದ ಭಾಗ, ಅದೂ ಒಂದಂಚಿನಿಂದ ಇನ್ನೊಂದಂಚಿಗೆ ಒಂದೆರಡು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಇಳಿಜಾರು. ಲಿಫ್ಟರ್ ಲೋಬಿನ ನಟ್ಟನಡುವೆ ಕೂರದೆ ತುಸು ಪಕ್ಕಕ್ಕೆ ಕೂರುತ್ತದೆ. ಈ ಮೂರೂ ಸೇರಿ ಲಿಫ್ಟರನ್ನು ತನ್ನ ತೂತಿನಲ್ಲಿ ತಿರುಗಿಸುತ್ತವೆ, ತಿರುಗುವುದರಿಂದಲೇ ಅದು ಬದುಕುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಪ್ರತಿ ಲಿಫ್ಟರ್ ತನ್ನ ಲೋಬಿಗೆ ಹೊಂದಿಕೊಂಡು ಸವೆಯುತ್ತದೆ. ಒಬ್ಬರ ಕಾಲಿಗೆ ಪಳಗಿದ ಅಥಣಿ ಚಪ್ಪಲಿ ಇನ್ನೊಬ್ಬರ ಕಾಲು ಕಚ್ಚುವ ಹಾಗೆ, ಹಳೇ ಲಿಫ್ಟರ್ ಹೊಸ ಲೋಬನ್ನು ಕಚ್ಚುತ್ತದೆ. ಉಬ್ಬು ಹೋಗಿರುತ್ತದೆ, ತಿರುಗುವುದಿಲ್ಲ, ಒಂದೇ ಅಂಚಿನ ಮೇಲೆ ಭಾರ ಬಿದ್ದು ಎಣ್ಣೆಯ ಪದರ ಒಡೆದುಹೋಗುತ್ತದೆ. ಲೋಬ್ ಸವೆದು ಹೋಗಲು ಒಮ್ಮೊಮ್ಮೆ ಇಪ್ಪತ್ತು ನಿಮಿಷ ಸಾಕು. ಆ ಕಬ್ಬಿಣದ ಪುಡಿ ಎಣ್ಣೆಯ ಜೊತೆ ಓಡಿ ಬೇರಿಂಗುಗಳನ್ನೂ ತಿನ್ನುತ್ತದೆ. ಟ್ಯಾಪೆಟ್ಟಿನಲ್ಲಿ ಉಳಿಸಿದ್ದು ಕ್ರ್ಯಾಂಕಿನಲ್ಲಿ ಹೋಯಿತು.

ಅನುಮಾನ ಇದ್ದವರು ಎರಡು ಲಿಫ್ಟರುಗಳ ಮುಖಕ್ಕೆ ಮುಖ ಹಚ್ಚಿ ನೋಡಲಿ. ಹೊಸವು ತುಸು ಓಲಾಡುತ್ತವೆ. ಓಲಾಡದೆ ಗಟ್ಟಿ ಕೂತರೆ ಆ ಜೋಡಿಯ ಉಬ್ಬು ಸವೆದಿದೆ.

ಹಾಗಾದರೆ ಊರಲ್ಲಿ ಹೇಗೆ ನಡೆಯುತ್ತಿತ್ತು? ಹಳೇ ಅಂಬಾಸಿಡರ್, ಪದ್ಮಿನಿ, ಟ್ರ್ಯಾಕ್ಟರ್ ಎಲ್ಲವೂ ಪುಶ್‌ರಾಡ್ ಎಂಜಿನ್, ಅಂದರೆ ಟ್ಯಾಪೆಟ್ ಮೇಲಿನ ಉದ್ದ ಕಡ್ಡಿಯ ಮೂಲಕ ವಾಲ್ವ್ ತೆರೆಸುವಂಥವು. ಕಬ್ಬಿನ ಗಾಡಿ ಎಳೆಯುವ ಟ್ರ್ಯಾಕ್ಟರ್ ಎರಡು ಸಾವಿರ ಆರ್‌ಪಿಎಂ ಸುಮಾರಿನಲ್ಲೇ ಜೀವನ ಕಳೆಯುತ್ತದೆ. ಸ್ಪ್ರಿಂಗ್ ಮೆತ್ತಗೆ, ಲಿಫ್ಟ್ (ವಾಲ್ವ್ ಏರುವ ಎತ್ತರ) ಕಡಿಮೆ. ಅಲ್ಲಿ ತಪ್ಪು ಮಾಡಿದರೂ ಎಂಜಿನ್ ಕ್ಷಮಿಸುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿ, 0.450 ಇಂಚು ಲಿಫ್ಟ್ ಕೊಟ್ಟು, ಐದೂವರೆ ಸಾವಿರಕ್ಕೆ ಎಳೆಯುವ ಎಂಜಿನ್ ಕ್ಷಮಿಸುವುದಿಲ್ಲ. "ನಡೀತದ ಬಿಡ್ರಿ" ಅನ್ನುವ ನಮ್ಮ ಮಾತು ನನಗೆ ಸಿಟ್ಟು ತರಿಸುವುದು ಇಲ್ಲಿಯೇ. ಯಾವುದರಲ್ಲಿ ನಡೀತದ, ಯಾಕೆ ನಡೀತದ ಅಂತ ಯಾರೂ ಕೇಳುವುದಿಲ್ಲ.

ಚಾಲೂ ಮಾಡುವುದರಲ್ಲೂ ಇದೇ ಕಥೆ. ನಮ್ಮಲ್ಲಿ ಹೊಸ ಎಂಜಿನ್ ಅಂದರೆ ಮೆಲ್ಲಗೆ ಐಡಲ್‌ನಲ್ಲಿ ಬಿಡುತ್ತಾರೆ. ಫ್ಲ್ಯಾಟ್ ಟ್ಯಾಪೆಟ್ಟಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಈ ಎಂಜಿನ್ನಿನಲ್ಲಿ ಲೋಬುಗಳಿಗೆ ಎಣ್ಣೆ ಬಹುಪಾಲು ಸಿಗುವುದು ಕ್ರ್ಯಾಂಕ್ ಚಿಮ್ಮಿಸಿದಾಗ, ಐಡಲ್‌ನಲ್ಲಿ ಅದು ಸಾಲದು. ಲೋಬ್ ಮತ್ತು ಲಿಫ್ಟರ್ ಮುಖಕ್ಕೆ ಮಾಲಿಬ್ಡಿನಂ ಪೇಸ್ಟ್ ಬಳಿಯಬೇಕು. ಡಿಸ್ಟ್ರಿಬ್ಯೂಟರ್ ತೂತಿನಿಂದ ಡ್ರಿಲ್ ಹಾಕಿ ಆಯಿಲ್ ಪಂಪ್ ತಿರುಗಿಸಿ ಪ್ರೆಶರ್ ಏರಿಸಬೇಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತುಂಬಿಸಿ, ಟೈಮಿಂಗ್ ಸರಿ ಕೂರಿಸಿ, ಒಂದೇ ಏಟಿಗೆ ಹಿಡಿಯುವ ಹಾಗೆ ಮಾಡಬೇಕು; ಬಹಳ ಹೊತ್ತು ಸೆಲ್ಫ್ ಹೊಡೆದರೆ ಪೇಸ್ಟ್ ಒರೆಸಿ ಹೋಗುತ್ತದೆ. ಹಿಡಿದ ಕೂಡಲೇ 2000ದಿಂದ 2500 ಆರ್‌ಪಿಎಂ, ಏರಿಸಿ ಇಳಿಸಿ, 20ರಿಂದ 30 ನಿಮಿಷ. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ಅಷ್ಟು ಹೊತ್ತು ತೆಗೆದಿಡಬೇಕು. ಆಮೇಲೆ ಎಣ್ಣೆ, ಫಿಲ್ಟರ್ ಎರಡೂ ಬದಲು, ಫಿಲ್ಟರ್ ಕತ್ತರಿಸಿ ಒಳಗೆ ಪುಡಿ ಇದೆಯೇ ನೋಡುವುದು.

ಕ್ಯಾಮಿನ ಅಳತೆಯಲ್ಲಿ ಮಾತ್ರ ಎರಡೂ ಕಡೆಯ ಹುಡುಗರು ಒಂದೇ. ಗುಡುಗುಡು ಸದ್ದು ಬೇಕು, ಅದಕ್ಕೆ ದೊಡ್ಡ ಕ್ಯಾಮ್. 9:1 ಸುಮಾರಿನ ಕಂಪ್ರೆಶನ್, ಆಟೋಮ್ಯಾಟಿಕ್ ಗೇರ್ ಇರುವ ರಸ್ತೆ ಗಾಡಿಗೆ ಲಿಫ್ಟರ್ 0.050 ಇಂಚು ಏರಿದಲ್ಲಿ ಅಳೆದ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕಿನ ಡಿಗ್ರಿಗಳಲ್ಲಿ) 210ರಿಂದ 220 ಡಿಗ್ರಿ ಸಾಕು. 230 ದಾಟಿಸಿದರೆ ಕಡಿಮೆ ಆರ್‌ಪಿಎಂನ ಎಳೆತ ಹೋಗುತ್ತದೆ, ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುವುದಿಲ್ಲ.

ಇನ್ನು ಮಿಸ್ತ್ರಿಯ ಮಾತಿನಲ್ಲಿ ಒಪ್ಪಬೇಕಾದ ಪಾಲೂ ಇದೆ. ರೋಲರ್ ಲಿಫ್ಟರ್ ಆದರೆ ಅವರ ಮಾತೇ ಸರಿ, ಹಳೆಯದು ನಡೆಯುತ್ತದೆ. ಅಲ್ಲಿ ಉಜ್ಜಾಟವಿಲ್ಲ, ಚಕ್ರ ಉರುಳುತ್ತದೆ. ಚಕ್ರದ ಮೇಲೆ ಕುಳಿ ಬಿದ್ದಿರಬಾರದು, ಸೂಜಿ ಬೇರಿಂಗಿನಲ್ಲಿ ಆಟ ಇರಬಾರದು, ಅಷ್ಟೇ. ಕಡಿಮೆ ದುಡ್ಡಿನಲ್ಲಿ ಈಗ ಎಂಜಿನ್ ಕಟ್ಟುವವರಿಗೆ ಜಾಣ ದಾರಿ ಗುಜರಿಯಲ್ಲಿದೆ: 1987ರ ನಂತರದ ರೋಲರ್ ಬ್ಲಾಕ್, ಅದರಲ್ಲೂ 1996ರಿಂದ ಬಂದ ಶೆವ್ರೊಲೆ ವೋರ್ಟೆಕ್ ಎಂಜಿನ್. ಅದರ ಲಿಫ್ಟರುಗಳನ್ನೇ ತೊಳೆದು ಹಾಕಿ ಹೊಸ ಕ್ಯಾಮ್ ಮಾತ್ರ ಕೊಂಡರಾಯಿತು. ಹಳೇ ಬ್ಲಾಕಿಗೆ ರೋಲರ್ ಕೂರಿಸಲು ಹೋದರೆ ಪಟ್ಟಿ ಜೋಡಿಸಿದ ಲಿಫ್ಟರುಗಳ ಬೆಲೆಯೇ ಇಡೀ ಫ್ಲ್ಯಾಟ್ ಕಿಟ್‌ನ ಬೆಲೆ ಮೀರುತ್ತದೆ. ಕೆಲವು ಟ್ರಕ್ ಬ್ಲಾಕುಗಳಲ್ಲಿ ರೋಲರ್ ಭಾಗಗಳನ್ನು ಬಿಗಿಯುವ ಎರಕದ ದಿಮ್ಮಿಗಳಿದ್ದರೂ ತೂತು ಕೊರೆದು ಥ್ರೆಡ್ ಹಾಕಿರುವುದಿಲ್ಲ, ಕೊಳ್ಳುವ ಮೊದಲು ಇಂಟೇಕ್ ಬಿಚ್ಚಿಸಿ ನೋಡಬೇಕು. ಪುಶ್‌ರಾಡ್ ಕೂಡ ಬೇರೆ: ಫ್ಲ್ಯಾಟ್‌ಗೆ 7.8 ಇಂಚು, ಈ ರೋಲರಿಗೆ 7.2.

ಇನ್ನೊಂದು, ಮನಸ್ಸಿಲ್ಲದೆಯೇ ಹೇಳುತ್ತಿದ್ದೇನೆ. ಇಲ್ಲಿಯವರು ಡಬ್ಬಿಯಲ್ಲಿ ಬಂದ ಹೊಸ ಲಿಫ್ಟರನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಇತ್ತೀಚೆಗೆ ಗಟ್ಟಿತನ ಸಾಲದ, ಮುಖದ ಉಬ್ಬು ಸರಿಯಿಲ್ಲದ ಲಿಫ್ಟರುಗಳ ದೂರು ಇಲ್ಲೂ ಕಡಿಮೆಯಿಲ್ಲ. ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಲೇತ್, ಗ್ರೈಂಡಿಂಗ್ ಅಕ್ಕಪಕ್ಕದ ಶೆಡ್ಡುಗಳಲ್ಲೇ ಇವೆ. ವಿಜಯಪುರದಿಂದ ನೂರು ಕಿಲೋಮೀಟರ್ ದೂರದ ಸೊಲ್ಲಾಪುರದಲ್ಲಿ ವಿದೇಶಿ ಕಾರುಗಳಿಗೂ ಕ್ಯಾಮ್‌ಶಾಫ್ಟ್ ಎರಕ ಹೊಯ್ಯುತ್ತಾರೆ. ಮುಖ ಸವೆದ ಲಿಫ್ಟರನ್ನು ಮತ್ತೆ ಉಬ್ಬು ಕೊಟ್ಟು ಗ್ರೈಂಡ್ ಮಾಡಿ, ರಾಕ್‌ವೆಲ್ ಮಾಪನದಲ್ಲಿ ಗಟ್ಟಿತನ ಅಳೆದು ಕೊಡುವ ಕೈ ಊರ ಕಡೆ ಸಿಗುತ್ತದೆ; ಇಲ್ಲಿ ಅಂಥ ಅಂಗಡಿ ಹುಡುಕುವುದೇ ದೊಡ್ಡ ಕೆಲಸ. ಹಾಗೆ ಗ್ರೈಂಡ್ ಮಾಡಿದ ಹಳೇ ಲಿಫ್ಟರ್ ಹೊಸ ಕ್ಯಾಮಿನ ಮೇಲೆ ನಡೆಯುತ್ತದೆ. ಗ್ಯಾಪ್ ಅಳೆಯುವ ಫಿಲ್ಲರ್ ಗೇಜ್ ಹಿಡಿದು ಬೆಳೆದ ಕೈಗೆ ಸಾಲಿಡ್ ಲಿಫ್ಟರ್, ಅಂದರೆ ಕೈಯಿಂದ ಗ್ಯಾಪ್ ಇಡಬೇಕಾದಂಥದು, ಕೂಡ ಹೆದರಿಕೆಯಲ್ಲ. ಕ್ಯಾಮಿನ ಜೊತೆ ಬರುವ ಕಾರ್ಡಿನಲ್ಲಿ ಬರೆದ ಗ್ಯಾಪ್, ಸಾಮಾನ್ಯವಾಗಿ ಬಿಸಿಯಲ್ಲಿ 0.016ರಿಂದ 0.022 ಇಂಚು, ಇಟ್ಟುಕೊಂಡು ಹೋದರೆ ಎಣ್ಣೆಯಿಂದ ತಾನೇ ಗ್ಯಾಪ್ ತುಂಬಿಕೊಳ್ಳುವ ಹೈಡ್ರಾಲಿಕ್‌ಗಿಂತ ಹೆಚ್ಚು ಆರ್‌ಪಿಎಂವರೆಗೆ ಎಳೆಯುತ್ತದೆ, ಖರ್ಚೂ ಹೆಚ್ಚಲ್ಲ.

ಆದರೆ ಗ್ರೈಂಡ್ ಮಾಡಿಸದೆ, ಬಟ್ಟೆಯಲ್ಲಿ ಒರೆಸಿ ಹಾಕುವುದಕ್ಕೆ ಮಾತ್ರ ಈಗಲೂ ಒಲ್ಲೆ.