ಹುರುಳಿ ಒಕ್ಕುವ ಹೆದ್ದಾರಿ

ಮೈಸೂರಿನಿಂದ ಬನ್ನೂರಿನ ಮೇಲೆ ಮಳವಳ್ಳಿಗೆ ಹೋಗುವ ದಾರಿ ರಾಜ್ಯ ಹೆದ್ದಾರಿ. ಕಿಲೋಮೀಟರ್ ಕಲ್ಲಿನ ತಲೆಗೆ ಬಳಿದ ಹಸಿರು ಬಣ್ಣವೇ ಅದಕ್ಕೆ ಸಾಕ್ಷಿ. ಆದರೆ ಸುಗ್ಗಿಯಲ್ಲಿ ಬಂದು ನೋಡಿ, ಅದು ಲೋಕೋಪಯೋಗಿ ಇಲಾಖೆಯ ಕೈತಪ್ಪಿ ಊರವರ ಕಣವಾಗಿರುತ್ತದೆ.

ಅರ್ಧ ರಸ್ತೆಗೆ ಹುರುಳಿ ಹರಡಿರುತ್ತಾರೆ. ಅಂಚಿಗೆ ಗುಂಡುಕಲ್ಲಿನ ಸಾಲು, ತುದಿಗೊಂದು ಮುಳ್ಳಿನ ಕೊಂಬೆ. ಮರದಡಿ ಕವೆಗೋಲು ಹಿಡಿದ ಅಜ್ಜಿ. ಬಸ್ಸು ಹಾದುಹೋದ ತಕ್ಷಣ ಎದ್ದು ಬಂದು ಬಳ್ಳಿಯನ್ನು ತಿರುವಿ ಹಾಕುತ್ತಾಳೆ. ಬಸ್ಸೆಂದರೆ ಅವಳಿಗೆ ಕಾಳು ಒಕ್ಕಲು ಉರುಳಿಸುವ ರೋಣಗಲ್ಲು, ಅದೂ ಪುಕ್ಕಟೆ. ಕಾರಿನವರ ಮೇಲೆ ಅಷ್ಟು ನಂಬಿಕೆ ಇಲ್ಲ, ಅವರು ಪಕ್ಕಕ್ಕೆ ಸರಿದು ಹೋಗುತ್ತಾರೆ. ಬನ್ನೂರು ಕುರಿಗೆ ಹೆಸರಾದ ಸೀಮೆ ಬೇರೆ. ಮಂದೆ ಬಂತೆಂದರೆ ಕೋಲು ಅತ್ತ ತಿರುಗುತ್ತದೆ.

ಬೈಕಿನವರ ಪಾಡು ಕೇಳಬೇಡಿ. ಒಣ ಹುರುಳಿ ಮೇಲೆ ಬ್ರೇಕ್ ಹಿಡಿದರೆ ಜಾರುವುದೇ. ಬಳ್ಳಿ ಕಾರಿನಡಿ ಸುತ್ತಿಕೊಂಡು ಸೈಲೆನ್ಸರ್ ಕಾವಿಗೆ ಹೊತ್ತಿಕೊಂಡದ್ದೂ ಉಂಟು. ಬೈಯುವುದು ಸುಲಭ. ಆದರೆ ಕಣ ಮಾಡಬೇಕೆಂದರೆ ನೆಲ ಕೆತ್ತಿ, ನೀರು ಹಾಕಿ ತುಳಿಸಿ, ಸಗಣಿ ಬಳಿಯಬೇಕು. ದನ ಬೇಕು, ಆಳು ಬೇಕು. ಇಲ್ಲಿ ಡಾಂಬರು ಸುಮ್ನೆ ಬಿದ್ದಿದೆ, ಅಲ್ವಾ?

ಮೇವಿಗೂ ಈ ಸೀಮೆಯ ದಾರಿಗೂ ಹಳೇ ನಂಟು. 1799ರಲ್ಲಿ ಬ್ರಿಟಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೊರಟು ಕನಕಪುರದ ಕಡೆಯಿಂದ ಬಂತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಜೊತೆ ಕಾಳಗ. ಫಿರಂಗಿ ಎಳೆಯಲು ಎತ್ತು, ಅಕ್ಕಿ ಹೊರಲು ಎತ್ತು. ಹುಲ್ಲಿಲ್ಲದಿದ್ದರೆ ಯಾವುದೂ ಕದಲದು. ಅದಕ್ಕೇ ಟಿಪ್ಪು ದಾರಿಯ ಮೇವು ಸುಡಿಸಿದ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಅರಕೆರೆ ಕಡೆ ಹೋಗಿದ್ದ, ಹ್ಯಾರಿಸ್ ಕೂಡ ಅತ್ತಲೇ ಬರುತ್ತಾನೆಂದು ಟಿಪ್ಪುವಿನ ಲೆಕ್ಕ. ಹ್ಯಾರಿಸ್ ದಾರಿ ಬದಲಿಸಿ ಸೋಸಲೆ ಬಳಿ ಕಾವೇರಿ ದಾಟಿಬಿಟ್ಟ. ಅಷ್ಟು ದೊಡ್ಡ ಲೆಕ್ಕ ತಪ್ಪಿದ ಹೊಳೆಯನ್ನು ನಾವು ಬನ್ನೂರಿನ ಹತ್ತಿರ ಸೇತುವೆ ಮೇಲೆ ಗೇರು ಕೂಡ ಬದಲಿಸದೆ ದಾಟುತ್ತೇವೆ.

ಕಿರುಗಾವಲಿನ ಕಡೆ ಹೋದಂತೆ ಕಬ್ಬಿನ ಟ್ರ್ಯಾಕ್ಟರುಗಳ ಕಾಟ. ಅದರ ಹಿಂದೆ ಸಿಕ್ಕಿಕೊಂಡರೆ ಮುಗೀತು.

ಹುರುಳಿ ಕಂಡರೆ ನಾನಂತೂ ನಿಧಾನವಾಗಿ ಅದರ ಮೇಲೇ ಗಾಡಿ ಹತ್ತಿಸುತ್ತೇನೆ. ನನ್ನ ತಕರಾರೆಲ್ಲ ಆ ಗುಂಡುಕಲ್ಲುಗಳ ಮೇಲೆ. ಕಾಳು ತೂರಿ, ಮೂಟೆ ಕಟ್ಟಿ, ಹೊಟ್ಟನ್ನೂ ಬಿಡದೆ ಗುಡಿಸಿಕೊಂಡು ಹೋಗುವವರು ಕಲ್ಲನ್ನು ಮಾತ್ರ ರಸ್ತೆಯಲ್ಲೇ ಬಿಡುತ್ತಾರೆ. ಕತ್ತಲಾದ ಮೇಲೆ ಅವು ಕಾಣುವುದಿಲ್ಲ. ಹುರುಳಿ ಹಾಕಿ, ಬೇಡ ಅನ್ನಲ್ಲ. ಕಲ್ಲು ಎತ್ತಿಡ್ರಪ್ಪ.